ಮೂರು ಪಡೆಗಳು, ಒಂದು ಕಾರ್ಯ
ಸಂಯುಕ್ತ ಸೈನಿಕ ಕಾರ್ಯಾಚರಣೆಯ ಪರಿಚಯ

ಮಹಾರಾಷ್ಟ್ರದ ಛತ್ರಪತಿ ಸಂಭಾಜಿನಗರದ ಸಮೀಪದಲ್ಲಿರುವ ದೇವಗಿರಿ ದುರ್ಗವು ಕನ್ನಡಿಗರಿಗೆ ಅಪರಿಚಿತವಲ್ಲ. ಸೇವುಣರ ರಾಜಧಾನಿಯಾಗಿದ್ದು, ಮುಂದೆ ದೌಲತಾಬಾದ್ ಎಂದು ಹೆಸರಾದ ಈ ಕೋಟೆಯನ್ನು ಇಂದು ಏರುವವರು ಸುತ್ತುಗೋಡೆಗಳನ್ನು ದಾಟಿ, ಬಂಡೆಯಲ್ಲಿ ಕೊರೆದ ಆಳವಾದ ಕಂದಕವನ್ನು ನೋಡಿ, ಕತ್ತಲೆಯ ಸುರಂಗ ಮಾರ್ಗದಲ್ಲಿ ಸಾಗಿ, ಕೊನೆಗೆ ಬುರುಜುಗಳ ಮೇಲಿರುವ ನಂತರದ ಕಾಲದ ಫಿರಂಗಿಗಳ ಬಳಿಗೆ ಬರುತ್ತಾರೆ. ಕಂದಕವು ಶತ್ರುವನ್ನು ತಡೆಯಬೇಕು, ತಡೆದು ನಿಂತವನ ಮೇಲೆ ಫಿರಂಗಿ ಗುಂಡು ಹಾರಿಸಬೇಕು, ಅದನ್ನೂ ಮೀರಿ ಒಳನುಗ್ಗಿದವನನ್ನು ಸುರಂಗದ ಕಾವಲುಗಾರರು ಎದುರಿಸಬೇಕು. ಇವುಗಳಲ್ಲಿ ಯಾವುದೊಂದೂ ತಾನಾಗಿಯೇ ರಕ್ಷಣೆಯಲ್ಲ. ಎಲ್ಲವೂ ಸೇರಿದಾಗ ಮಾತ್ರ ಅದು ದುರ್ಗವಾಗುತ್ತದೆ.

ಆದರೆ 1296ರಲ್ಲಿ ಅಲ್ಲಾವುದ್ದೀನ್ ಖಿಲ್ಜಿಯು ಹಠಾತ್ತನೆ ಏರಿ ಬಂದಾಗ ಈ ಕಡಿದಾದ ಬೆಟ್ಟವೂ ರಾಜ ರಾಮಚಂದ್ರನನ್ನು ಕಾಪಾಡಲಿಲ್ಲ. ಸೈನ್ಯದ ಬಹುಭಾಗವು ರಾಜಕುಮಾರನೊಡನೆ ದೂರ ಹೋಗಿತ್ತು. ಅವಸರದಲ್ಲಿ ಕೋಟೆಯೊಳಕ್ಕೆ ಸಾಗಿಸಿದ ಚೀಲಗಳಲ್ಲಿ ಧಾನ್ಯಕ್ಕೆ ಬದಲು ಉಪ್ಪು ಇತ್ತೆಂದು ಚರಿತ್ರಕಾರರು ಬರೆದಿದ್ದಾರೆ. ಕೋಟೆ ಇತ್ತು, ಸೈನ್ಯವಿತ್ತು, ಸಾಮಗ್ರಿಯೂ ಇತ್ತು. ಇವು ಒಂದೇ ವೇಳೆಯಲ್ಲಿ ಒಂದೇ ಸ್ಥಳದಲ್ಲಿ ಕೂಡಿ ಬರಲಿಲ್ಲ. ಏಳು ಶತಮಾನಗಳ ಅನಂತರವೂ ರಕ್ಷಣಾ ವ್ಯವಸ್ಥೆಯ ಮೂಲ ಪ್ರಶ್ನೆ ಇದೇ ಆಗಿದೆ.

ಸಂಯುಕ್ತ ಕಾರ್ಯಾಚರಣೆ ಎಂದರೇನು?

ಭೂಸೇನೆ, ನೌಕಾಪಡೆ ಮತ್ತು ವಾಯುಪಡೆಗಳಲ್ಲಿ ಎರಡು ಅಥವಾ ಮೂರೂ ಪಡೆಗಳು ಒಂದೇ ಉದ್ದೇಶವನ್ನು ಸಾಧಿಸಲು ಒಂದೇ ಯೋಜನೆಯ ಅಡಿಯಲ್ಲಿ ನಡೆಸುವ ಕಾರ್ಯಾಚರಣೆಯನ್ನು ಸಂಯುಕ್ತ ಕಾರ್ಯಾಚರಣೆ ಎನ್ನುತ್ತಾರೆ. ಮೂರು ಪಡೆಗಳು ಒಂದೇ ಯುದ್ಧದಲ್ಲಿ ಭಾಗವಹಿಸಿದ ಮಾತ್ರಕ್ಕೆ ಅದು ಸಂಯುಕ್ತ ಕಾರ್ಯಾಚರಣೆಯಾಗುವುದಿಲ್ಲ. ಪ್ರತಿಯೊಂದು ಪಡೆಯೂ ತನ್ನದೇ ಯೋಜನೆಯಂತೆ ನಡೆದುಕೊಂಡು, ಅಗತ್ಯ ಬಿದ್ದಾಗ ಮಾತ್ರ ಇನ್ನೊಂದರ ನೆರವನ್ನು ಕೇಳಿದರೆ ಅದು ಸಹಕಾರ ಮಾತ್ರ. ಯೋಜನೆಯನ್ನು ರೂಪಿಸುವ ಮೊದಲ ದಿನದಿಂದಲೇ ಮೂವರೂ ಒಂದೇ ಮೇಜಿನ ಸುತ್ತ ಕುಳಿತು, ಯಾವ ಕೆಲಸವನ್ನು ಯಾರು, ಯಾವಾಗ, ಯಾರ ಆಜ್ಞೆಯಂತೆ ಮಾಡಬೇಕೆಂಬುದನ್ನು ನಿರ್ಧರಿಸಿಕೊಂಡಾಗ ಅದು ಸಂಯುಕ್ತವಾಗುತ್ತದೆ.

ಇದು ಹೇಳಲು ಸುಲಭವಾದರೂ ಆಚರಣೆಯಲ್ಲಿ ಕಠಿನ. ಕಾಲಾಳು ಗಂಟೆಗೆ ಕೆಲವೇ ಕಿಲೋಮೀಟರ್ ನಡೆಯುತ್ತಾನೆ; ಹಡಗು ದಿನಗಟ್ಟಲೆ ಸಾಗುತ್ತದೆ; ಯುದ್ಧವಿಮಾನವು ಕೆಲವೇ ನಿಮಿಷಗಳಲ್ಲಿ ನೂರು ಕಿಲೋಮೀಟರ್ ಕ್ರಮಿಸುತ್ತದೆ. ಭೂಸೇನೆಯು ಭೂಪಟದ ಚೌಕಗಳ ಸಂಖ್ಯೆಯಿಂದ ಸ್ಥಳವನ್ನು ಗುರುತಿಸಿದರೆ, ನಾವಿಕನು ಅಕ್ಷಾಂಶ ರೇಖಾಂಶಗಳಿಂದಲೂ ನಾವಿಕ ಮೈಲಿಗಳಿಂದಲೂ ಲೆಕ್ಕ ಹಾಕುತ್ತಾನೆ. ವೈಮಾನಿಕನು ಎತ್ತರವನ್ನು ಅಡಿಗಳಲ್ಲಿ ಹೇಳುತ್ತಾನೆ. ಮೂವರ ಪದಗಳೂ, ಕಾಲದ ಕಲ್ಪನೆಯೂ, ಅಪಾಯದ ಅಂದಾಜೂ ಬೇರೆ ಬೇರೆ. ಆದ್ದರಿಂದ ಸಂಯುಕ್ತ ಕಾರ್ಯಾಚರಣೆಯ ಮೊದಲ ಅಗತ್ಯವು ಹೊಸ ಆಯುಧವಲ್ಲ. ಒಂದೇ ನಕ್ಷೆ, ಒಂದೇ ಗಡಿಯಾರ ಮತ್ತು ಎಲ್ಲರಿಗೂ ಒಂದೇ ಅರ್ಥ ಕೊಡುವ ಮಾತು.

ನಾಸಿಕ ಜಿಲ್ಲೆಯ ವೈಶಿಷ್ಟ್ಯ

ಈ ವಿಷಯವನ್ನು ಅರಿಯಲು ನಾಸಿಕ ಜಿಲ್ಲೆಯು ಉತ್ತಮ ನಿದರ್ಶನವಾಗಿದೆ. ಗೋದಾವರಿ ತೀರದ ಯಾತ್ರಾಸ್ಥಳವೆಂದೇ ಬಹುಜನರು ಬಲ್ಲ ಈ ಜಿಲ್ಲೆಯಲ್ಲಿ ರಕ್ಷಣಾ ವ್ಯವಸ್ಥೆಯ ಮೂರು ಬೇರೆ ಬೇರೆ ಅಂಗಗಳು ಹತ್ತಿರ ಹತ್ತಿರದಲ್ಲೇ ಇವೆ. ದೇವಳಾಲಿಯಲ್ಲಿ ಭೂಸೇನೆಯ ಫಿರಂಗಿ ತರಬೇತಿ ಶಾಲೆ ಇದೆ. ನಾಸಿಕ ರೋಡ್ ಬಳಿಯ ಗಾಂಧಿನಗರದಲ್ಲಿ ಭೂಸೇನೆಯ ಹೆಲಿಕಾಪ್ಟರ್ ಚಾಲಕರನ್ನು ತರಬೇತುಗೊಳಿಸುವ ಯುದ್ಧ ವಿಮಾನಯಾನ ಶಾಲೆಯು 2003ರಿಂದ ನಡೆಯುತ್ತಿದೆ. ಓಝರ್‌ನಲ್ಲಿ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ವಿಮಾನ ಕಾರ್ಖಾನೆಯೂ ವಾಯುಪಡೆಯ ದುರಸ್ತಿ ಕೇಂದ್ರವೂ ಇವೆ. 1960ರ ದಶಕದಲ್ಲಿ ಮಿಗ್-21 ವಿಮಾನಗಳ ತಯಾರಿಕೆಗೆಂದು ಆರಂಭವಾದ ಈ ಕಾರ್ಖಾನೆಯಲ್ಲಿ ಮುಂದೆ ಮಿಗ್-27 ಮತ್ತು ಸುಖೋಯ್-30 ಎಂ.ಕೆ.ಐ. ವಿಮಾನಗಳು ತಯಾರಾದವು. 2025ರ ಅಕ್ಟೋಬರಿನಲ್ಲಿ ತೇಜಸ್ ಲಘು ಯುದ್ಧವಿಮಾನದ ಮೂರನೆಯ ಉತ್ಪಾದನಾ ಘಟಕವೂ ಇಲ್ಲಿ ಉದ್ಘಾಟನೆಯಾಯಿತು.

ಫಿರಂಗಿ ಶಾಲೆ ಮತ್ತು ಹೆಲಿಕಾಪ್ಟರ್ ಶಾಲೆಗಳು ಹೀಗೆ ನೆರೆಹೊರೆಯಾಗಿರುವುದರ ಹಿಂದೆ ಇತಿಹಾಸವಿದೆ. ಫಿರಂಗಿಯನ್ನು ಹಾರಿಸುವವನು ತನ್ನ ಗುರಿಯನ್ನು ಸಾಮಾನ್ಯವಾಗಿ ಕಣ್ಣಾರೆ ಕಾಣುವುದಿಲ್ಲ. ಗುರಿಯು ಬೆಟ್ಟದ ಆಚೆ, ಇಪ್ಪತ್ತು ಕಿಲೋಮೀಟರ್ ದೂರದಲ್ಲಿ ಇರಬಹುದು. ಆದ್ದರಿಂದ ಕಾಲಾಳುಗಳ ಜೊತೆ ಮುಂದೆ ಹೋದ ವೀಕ್ಷಕ ಅಧಿಕಾರಿಯೊಬ್ಬನು ಮೊದಲ ಗುಂಡು ಬಿದ್ದ ಸ್ಥಳವನ್ನು ನೋಡಿ, ಎಡಕ್ಕೆ ಇಷ್ಟು, ಮುಂದಕ್ಕೆ ಇಷ್ಟು ಎಂದು ನಿಸ್ತಂತುವಿನ ಮೂಲಕ ತಿದ್ದುಪಡಿ ಹೇಳುತ್ತಾನೆ. ಎರಡು ಮೂರು ತಿದ್ದುಪಡಿಗಳ ಅನಂತರ ಎಲ್ಲ ಫಿರಂಗಿಗಳೂ ಒಟ್ಟಿಗೆ ಹಾರುತ್ತವೆ. ಈ ವೀಕ್ಷಕನು ಆಕಾಶದಲ್ಲಿದ್ದರೆ ಇನ್ನೂ ದೂರ ಕಾಣಬಲ್ಲನೆಂಬ ಕಾರಣದಿಂದ ಫಿರಂಗಿ ದಳದ ಅಧಿಕಾರಿಗಳೇ ಸಣ್ಣ ವಿಮಾನಗಳನ್ನು ಹಾರಿಸಲು ಕಲಿತರು. ಈ ವಾಯು ವೀಕ್ಷಣಾ ತುಕಡಿಗಳಿಂದಲೇ 1986ರ ನವೆಂಬರ್ 1ರಂದು ಭೂಸೇನಾ ವಿಮಾನಯಾನ ದಳವು ಪ್ರತ್ಯೇಕ ದಳವಾಗಿ ರೂಪುಗೊಂಡಿತು. ಅವರು ಬಳಸಿದ ಕೃಷಕ್ ವಿಮಾನ, ಚೀತಾ ಮತ್ತು ಚೇತಕ್ ಹೆಲಿಕಾಪ್ಟರ್‌ಗಳು ಬೆಂಗಳೂರಿನಲ್ಲಿ ತಯಾರಾದವುಗಳೆಂಬುದು ಗಮನಾರ್ಹ. 2019ರ ಅಕ್ಟೋಬರ್ 10ರಂದು ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರು ಈ ದಳಕ್ಕೆ ರಾಷ್ಟ್ರಪತಿ ಧ್ವಜವನ್ನು ನಾಸಿಕದಲ್ಲಿಯೇ ಪ್ರದಾನ ಮಾಡಿದರು.

ಆಕಾಶವನ್ನು ಹಂಚಿಕೊಳ್ಳುವ ಬಗೆ

ಒಂದೇ ಗುರಿಯ ಮೇಲೆ ಫಿರಂಗಿಗಳೂ ವಿಮಾನಗಳೂ ಹೆಲಿಕಾಪ್ಟರ್‌ಗಳೂ ದಾಳಿ ನಡೆಸಬೇಕಾದಾಗ ಎದುರಾಗುವ ತೊಡಕು ಸಾಮಾನ್ಯರ ಗಮನಕ್ಕೆ ಬಾರದು. 155 ಮಿಲಿಮೀಟರ್ ಫಿರಂಗಿಯ ಒಂದು ಗುಂಡು ಸುಮಾರು 45 ಕಿಲೋಗ್ರಾಂ ತೂಗುತ್ತದೆ. ದೂರದ ಗುರಿಗೆ ಹಾರಿಸಿದಾಗ ಅದು ಹಲವು ಕಿಲೋಮೀಟರ್ ಎತ್ತರಕ್ಕೆ ಏರಿ, ಒಂದು ನಿಮಿಷಕ್ಕೂ ಹೆಚ್ಚು ಕಾಲ ಆಕಾಶದಲ್ಲಿದ್ದು, ಬಳಿಕ ಇಳಿಯುತ್ತದೆ. ಅದೇ ಆಕಾಶದಲ್ಲಿ ನಮ್ಮದೇ ವಿಮಾನವೂ ಬರುತ್ತಿರುತ್ತದೆ. ಗುಂಡಿಗೆ ನಮ್ಮವರು, ಅನ್ಯರು ಎಂಬ ಭೇದವಿಲ್ಲ.

ಈ ಅಪಾಯವನ್ನು ತಪ್ಪಿಸಲು ಮೂರು ವಿಧಾನಗಳಿವೆ. ಮೊದಲನೆಯದು ಕಾಲದ ವಿಭಜನೆ. ನಿಗದಿತ ನಿಮಿಷದಲ್ಲಿ ಫಿರಂಗಿಗಳು ನಿಲ್ಲುತ್ತವೆ. ಕೊನೆಯ ಗುಂಡು ನೆಲಕ್ಕೆ ಬಿದ್ದ ಮೇಲೆ ವಿಮಾನವು ಗುರಿಯ ಮೇಲೆ ಬಂದು ಹೋಗುತ್ತದೆ. ಮತ್ತೆ ಫಿರಂಗಿಗಳು ಆರಂಭಿಸುತ್ತವೆ. ಎರಡನೆಯದು ದಿಕ್ಕಿನ ವಿಭಜನೆ. ಗುಂಡುಗಳು ಸಾಗುವ ಪಟ್ಟಿಯನ್ನು ಮೊದಲೇ ಗುರುತಿಸಿ, ವಿಮಾನವು ಬೇರೆ ಪಕ್ಕದಿಂದ ಬಂದು ಅದೇ ಪಕ್ಕಕ್ಕೆ ಹೊರಳುವಂತೆ ಮಾಡಲಾಗುತ್ತದೆ. ಮೂರನೆಯದು ಎತ್ತರದ ವಿಭಜನೆ. ಹೆಲಿಕಾಪ್ಟರ್ ಇಷ್ಟು ಅಡಿಗಳ ಕೆಳಗೆ, ವಿಮಾನವು ಇಷ್ಟು ಅಡಿಗಳ ಮೇಲೆ ಇರಬೇಕೆಂದು ನಿರ್ಧರಿಸಲಾಗುತ್ತದೆ. ಯಾವ ವಿಧಾನವನ್ನು ಆರಿಸಿಕೊಂಡರೂ ಅದು ಗುಂಡು ಹಾರಿಸುವವನಿಗೂ ವೈಮಾನಿಕನಿಗೂ ಮುಂಚಿತವಾಗಿ ತಿಳಿದಿರಬೇಕು.

ಇನ್ನೊಂದು ಕಷ್ಟ ಗುರಿಯನ್ನು ಗುರುತಿಸುವುದು. ವೇಗವಾಗಿ ಹಾರುವ ವೈಮಾನಿಕನಿಗೆ ನೆಲದ ಮೇಲಿನ ಟ್ಯಾಂಕು ಕಾಣುವುದು ಕೆಲವೇ ಕ್ಷಣಗಳ ಕಾಲ. ಅಷ್ಟರಲ್ಲಿ ಅದು ಶತ್ರುವಿನದೋ ನಮ್ಮದೋ ಎಂದು ಅವನು ತೀರ್ಮಾನಿಸಬೇಕು. ಇದಕ್ಕಾಗಿ ಕಾಲಾಳುಗಳ ಜೊತೆಯಲ್ಲಿರುವ ಮುಂಚೂಣಿ ವಾಯು ನಿಯಂತ್ರಕನು ವೈಮಾನಿಕನೊಡನೆ ನೇರವಾಗಿ ಮಾತನಾಡಿ ದಾರಿ ತೋರಿಸುತ್ತಾನೆ. ಕೆಲವೊಮ್ಮೆ ಫಿರಂಗಿಯಿಂದ ಹೊಗೆಗುಂಡನ್ನು ಹಾರಿಸಿ ಗುರಿಯನ್ನು ಸೂಚಿಸಲಾಗುತ್ತದೆ. ದೇವಳಾಲಿಯಲ್ಲಿ ಪ್ರತಿವರ್ಷ ಜರಗುವ 'ತೋಪ್‌ಚಿ' ಎಂಬ ಪ್ರದರ್ಶನದಲ್ಲಿ ಫಿರಂಗಿಗಳು, ರಾಕೆಟ್‌ಗಳು ಮತ್ತು ಹೆಲಿಕಾಪ್ಟರ್‌ಗಳು ಒಂದೇ ಮೈದಾನದಲ್ಲಿ ಸರದಿಯಂತೆ ಕೆಲಸ ಮಾಡುವುದನ್ನು ನೋಡಬಹುದು. ನೋಡುವವರಿಗೆ ಕೇಳಿಸುವುದು ಸಿಡಿತದ ಸದ್ದು. ಆದರೆ ಅಲ್ಲಿ ನಿಜವಾಗಿ ಪರೀಕ್ಷೆಗೆ ಒಳಗಾಗುವುದು ನಿಮಿಷಗಳ ಲೆಕ್ಕಾಚಾರ.

ಬೆಳಗಾವಿಯಿಂದ ಗೋವೆಗೆ

ಸ್ವತಂತ್ರ ಭಾರತದಲ್ಲಿ ಮೂರು ಪಡೆಗಳೂ ಒಂದೇ ಯೋಜನೆಯಂತೆ ನಡೆಸಿದ ಕಾರ್ಯಾಚರಣೆಗೆ ಕನ್ನಡ ನಾಡಿನ ನೆಲವೇ ಸಾಕ್ಷಿಯಾಗಿದೆ. 1961ರ ಡಿಸೆಂಬರ್‌ನಲ್ಲಿ ಪೋರ್ಚುಗೀಸರ ವಶದಲ್ಲಿದ್ದ ಗೋವಾ, ದಮನ್ ಮತ್ತು ದಿಯುಗಳ ವಿಮೋಚನೆಗಾಗಿ ಕೈಗೊಂಡ 'ಆಪರೇಷನ್ ವಿಜಯ್' ಅದು. ಲೆಫ್ಟಿನೆಂಟ್ ಜನರಲ್ ಜೆ.ಎನ್. ಚೌಧುರಿಯವರ ಒಟ್ಟು ನೇತೃತ್ವದಲ್ಲಿ, ಮೇಜರ್ ಜನರಲ್ ಕೆ.ಪಿ. ಕ್ಯಾಂಡೆತ್ ಅವರ 17ನೆಯ ಡಿವಿಜನ್ ಮತ್ತು ಬ್ರಿಗೇಡಿಯರ್ ಸಗತ್ ಸಿಂಗ್ ಅವರ 50ನೆಯ ಪ್ಯಾರಾಚೂಟ್ ಬ್ರಿಗೇಡ್‌ಗಳು ಬೆಳಗಾವಿಯ ಸುತ್ತಮುತ್ತ ನೆರೆದವು. ವಾಯುಪಡೆಯ ವಿಮಾನಗಳು ಪುಣೆ ಮತ್ತು ಬೆಳಗಾವಿಯ ಸಾಂಬ್ರಾ ನೆಲೆಗಳಿಂದ ಹಾರಲು ಸಿದ್ಧವಾದವು. ನೌಕಾಪಡೆಯ ಹಡಗುಗಳು ಕರಾವಳಿಯನ್ನು ಸುತ್ತುವರಿದವು.

ಡಿಸೆಂಬರ್ 18ರ ಮುಂಜಾನೆ ಮೂರೂ ಪಡೆಗಳು ಕಾರ್ಯೋನ್ಮುಖವಾದವು. ಕ್ಯಾನ್‌ಬೆರಾ ವಿಮಾನಗಳು ದಾಬೋಲಿಮ್ ವಿಮಾನ ನಿಲ್ದಾಣದ ಓಡುದಾರಿಯ ಮೇಲೆ ಬಾಂಬು ಹಾಕಿದವು. ಕಟ್ಟಡಗಳಿಗೆ ಹಾನಿಯಾಗದಂತೆ ಎಚ್ಚರ ವಹಿಸಬೇಕೆಂದು ಅವಕ್ಕೆ ಆಜ್ಞೆಯಿತ್ತು. ಹಂಟರ್ ವಿಮಾನಗಳು ಬಾಂಬೋಲಿಮ್‌ನ ನಿಸ್ತಂತು ಕೇಂದ್ರವನ್ನು ನಾಶಪಡಿಸಿದವು. ಹೊರಗಿನ ಸಂಪರ್ಕವನ್ನು ಕಡಿದು, ಶತ್ರುವಿಗೆ ಆಕಾಶದಿಂದ ನೆರವು ಬಾರದಂತೆ ಮಾಡುವುದು ಇದರ ಉದ್ದೇಶವಾಗಿತ್ತು. ಮುರ್ಮಗೋವಾ ಬಂದರಿನ ಬಳಿ ಭಾರತದ ಬೇತ್ವಾ ಮತ್ತು ಬಿಯಾಸ್ ಹಡಗುಗಳು ಪೋರ್ಚುಗಲ್‌ನ 'ಅಫೋನ್ಸೊ ದೆ ಅಲ್ಬುಕರ್ಕ್' ಯುದ್ಧನೌಕೆಯನ್ನು ನಿಷ್ಕ್ರಿಯಗೊಳಿಸಿದವು. ಇತ್ತ ಭೂಸೇನೆಯು ಪೂರ್ವ, ಉತ್ತರ ಮತ್ತು ದಕ್ಷಿಣ ದಿಕ್ಕುಗಳಿಂದ ಮುನ್ನಡೆಯಿತು. ಪ್ಯಾರಾಚೂಟ್ ಬ್ರಿಗೇಡಿನ ಯೋಧರು ಡಿಸೆಂಬರ್ 19ರ ಬೆಳಿಗ್ಗೆ ಮಾಂಡೋವಿ ನದಿಯನ್ನು ದಾಟಿ ಪಣಜಿಯನ್ನು ಪ್ರವೇಶಿಸಿದರು. ಅಂದೇ ಗವರ್ನರ್ ಜನರಲ್ ಶರಣಾಗತಿಗೆ ಸಹಿ ಹಾಕಿದನು.

ಈ ತ್ವರಿತ ವಿಜಯಕ್ಕೂ ಬೆಲೆ ತೆರಬೇಕಾಯಿತು. ಕಾರವಾರದ ಎದುರಿಗಿರುವ ಅಂಜದೀವ್ ದ್ವೀಪವನ್ನು ವಶಪಡಿಸಿಕೊಳ್ಳಲು 'ಮೈಸೂರು' ಮತ್ತು 'ತ್ರಿಶೂಲ್' ಹಡಗುಗಳಿಂದ ನಾವಿಕರ ತುಕಡಿಯೊಂದು ಇಳಿಯಿತು. ಬಯಲು ದಡದಲ್ಲಿ ಇಳಿಯುವಾಗ ಅವರು ಗುಂಡಿನ ದಾಳಿಗೆ ಸಿಕ್ಕಿದರು. ಏಳು ಮಂದಿ ನಾವಿಕರು ಪ್ರಾಣಾರ್ಪಣೆ ಮಾಡಿದರು. ಸಮುದ್ರದಿಂದ ನೆಲಕ್ಕೆ ಕಾಲಿಡುವ ಆ ಕೆಲವು ನಿಮಿಷಗಳೇ ಅತ್ಯಂತ ಅಪಾಯದ ಕಾಲವೆಂಬ ಪಾಠವನ್ನು ಈ ಚಿಕ್ಕ ದ್ವೀಪವು ಕಲಿಸಿತು. ಇಂದು ಕಾರವಾರದ 'ಕದಂಬ' ನೌಕಾನೆಲೆಯು ಇದೇ ದ್ವೀಪದ ಮರೆಯಲ್ಲಿ ನಿಂತಿದೆ.

ಲೋಪಗಳು ಕಲಿಸಿದ ಪಾಠ

ಗೋವೆಯ ಅನುಭವವು ಎಲ್ಲ ಸಂದರ್ಭಗಳಲ್ಲಿಯೂ ಮುಂದುವರಿಯಲಿಲ್ಲ. 1962ರ ಯುದ್ಧದಲ್ಲಿ ವಾಯುಪಡೆಯನ್ನು ಸಾಗಾಣಿಕೆಗೆ ಬಳಸಲಾಯಿತೇ ಹೊರತು ದಾಳಿಗೆ ಬಳಸಲಿಲ್ಲ. 1965ರ ಸೆಪ್ಟೆಂಬರ್ 1ರಂದು ಛಾಂಬ್ ಪ್ರದೇಶದಲ್ಲಿ ಪಾಕಿಸ್ತಾನದ ಟ್ಯಾಂಕುಗಳು ಮುನ್ನುಗ್ಗಿದಾಗ ವಾಯುಪಡೆಗೆ ಕರೆ ಹೋದದ್ದು ಹೊತ್ತು ಇಳಿಯುವ ವೇಳೆಗೆ. ನೆಲ ಮತ್ತು ಆಕಾಶಗಳ ನಡುವೆ ಸರಿಯಾದ ಸಂಪರ್ಕವಿರಲಿಲ್ಲ. ನಾಲ್ಕು ವ್ಯಾಂಪೈರ್ ವಿಮಾನಗಳು ನಷ್ಟವಾದುದಲ್ಲದೆ, ಗೊಂದಲದಲ್ಲಿ ನಮ್ಮ ಪಡೆಗಳೇ ನಮ್ಮ ವಿಮಾನಗಳ ಗುರಿಯಾದವು.

1971ರ ವೇಳೆಗೆ ಪರಿಸ್ಥಿತಿ ಬಹಳ ಸುಧಾರಿಸಿತ್ತು. ಡಿಸೆಂಬರ್ 4ರ ರಾತ್ರಿ ರಾಜಸ್ಥಾನದ ಲೋಂಗೇವಾಲಾ ಠಾಣ್ಯದಲ್ಲಿ ಮೇಜರ್ ಕುಲದೀಪ್ ಸಿಂಗ್ ಚಾಂದ್‌ಪುರಿಯವರ ನೇತೃತ್ವದಲ್ಲಿದ್ದ ಪಂಜಾಬ್ ರೆಜಿಮೆಂಟಿನ ಒಂದು ಕಂಪನಿಯು ಟ್ಯಾಂಕುಗಳ ದಾಳಿಯನ್ನು ಎದುರಿಸಿತು. ಜೈಸಲ್ಮೇರ್‌ನಲ್ಲಿದ್ದ ಹಂಟರ್ ವಿಮಾನಗಳಿಗೆ ರಾತ್ರಿಯಲ್ಲಿ ದಾಳಿ ನಡೆಸುವ ಸೌಲಭ್ಯವಿರಲಿಲ್ಲ. ಬೆಳಕು ಹರಿಯುವವರೆಗೆ ಠಾಣ್ಯವನ್ನು ಉಳಿಸಿಕೊಳ್ಳುವುದು ಕಾಲಾಳುಗಳ ಪಾಲಿನ ಕೆಲಸ. ಬೆಳಕು ಹರಿದೊಡನೆ ಬರುವುದು ವಾಯುಪಡೆಯ ಪಾಲಿನ ಕೆಲಸ. ಎರಡೂ ನಡೆದವು. ಅಂದು ಕೃಷಕ್ ವಿಮಾನದಲ್ಲಿ ಹಾರಾಡುತ್ತ ಹಂಟರ್‌ಗಳಿಗೆ ದಾರಿ ತೋರಿಸಿದವರು ವಾಯು ವೀಕ್ಷಣಾ ತುಕಡಿಯ ಮೇಜರ್ ಆತ್ಮಾ ಸಿಂಗ್. ಕಾಲಾಳು, ಫಿರಂಗಿ ದಳದ ವೈಮಾನಿಕ ಮತ್ತು ವಾಯುಪಡೆಯ ವೈಮಾನಿಕ, ಈ ಮೂವರ ಕೊಂಡಿ ಕಳಚದೆ ಉಳಿದುದರಿಂದ ಲೋಂಗೇವಾಲಾ ಉಳಿಯಿತು.

1999ರ ಕಾರ್ಗಿಲ್ ಯುದ್ಧದ ಆರಂಭದ ದಿನಗಳಲ್ಲಿ ವಾಯುಬಲವನ್ನು ಹೇಗೆ ಬಳಸಬೇಕೆಂಬ ವಿಷಯದಲ್ಲಿ ಭೂಸೇನೆ ಮತ್ತು ವಾಯುಪಡೆಗಳ ನಡುವೆ ಅಭಿಪ್ರಾಯಭೇದವಿತ್ತು. ಮೇ 26ರಂದು ವಾಯುದಾಳಿ ಆರಂಭವಾಯಿತು. ಮುಂದಿನ ಎರಡು ದಿನಗಳಲ್ಲಿ ಎರಡು ಯುದ್ಧವಿಮಾನಗಳೂ ಒಂದು ಹೆಲಿಕಾಪ್ಟರೂ ನಷ್ಟವಾದವು. ತರುವಾಯ ವಿಧಾನವನ್ನು ಬದಲಿಸಿ, ಮಿರಾಜ್-2000 ವಿಮಾನಗಳಿಂದ ಲೇಸರ್ ನಿರ್ದೇಶಿತ ಬಾಂಬುಗಳನ್ನು ಬಳಸಲಾಯಿತು. ಟೈಗರ್ ಹಿಲ್ ಮೇಲೆ ವಿಮಾನಗಳೂ ಫಿರಂಗಿಗಳೂ ದಾಳಿ ನಡೆಸಿದ ಮೇಲೆ ಕಾಲಾಳುಗಳು ಕಡಿದಾದ ಬಂಡೆಯನ್ನೇರಿ ಜುಲೈ 4ರಂದು ಶಿಖರವನ್ನು ವಶಪಡಿಸಿಕೊಂಡರು. ಅದೇ ವೇಳೆಗೆ ನೌಕಾಪಡೆಯು ಅರಬ್ಬೀ ಸಮುದ್ರದಲ್ಲಿ 'ಆಪರೇಷನ್ ತಲವಾರ್' ನಡೆಸಿ ಶತ್ರುವಿನ ಸಮುದ್ರಮಾರ್ಗದ ಮೇಲೆ ಒತ್ತಡ ತಂದಿತು.

ಗುರುತಿಸುವಿಕೆಯ ಲೋಪವು ಎಷ್ಟು ದುಬಾರಿ ಎಂಬುದಕ್ಕೆ ಇತ್ತೀಚಿನ ಒಂದು ನಿದರ್ಶನವೂ ಇದೆ. 2019ರ ಫೆಬ್ರುವರಿ 27ರಂದು ಶ್ರೀನಗರದ ಸಮೀಪದ ಬಡ್‌ಗಾಮ್‌ನಲ್ಲಿ ವಾಯುಪಡೆಯ ಎಂ.ಐ.-17 ಹೆಲಿಕಾಪ್ಟರ್ ನಮ್ಮದೇ ಕ್ಷಿಪಣಿಗೆ ಗುರಿಯಾಯಿತು. ಅದರಲ್ಲಿದ್ದ ಆರು ಮಂದಿ ವಾಯುಯೋಧರೂ ನೆಲದ ಮೇಲಿದ್ದ ಒಬ್ಬ ನಾಗರಿಕರೂ ಮೃತಪಟ್ಟರು. ಅದು ದೊಡ್ಡ ತಪ್ಪೆಂದು ವಾಯುಪಡೆಯ ಮುಖ್ಯಸ್ಥರು ಅದೇ ವರ್ಷ ಬಹಿರಂಗವಾಗಿ ಒಪ್ಪಿಕೊಂಡರು. ಸಮನ್ವಯವೆಂಬುದು ಕಡತದ ಮಾತಲ್ಲ, ಪ್ರಾಣದ ಮಾತು ಎಂಬುದನ್ನು ಇಂಥ ಘಟನೆಗಳು ನೆನಪಿಸುತ್ತವೆ.

ಸಂಸ್ಥೆಗಳ ಬೆಳವಣಿಗೆ

ಕಾರ್ಗಿಲ್ ಯುದ್ಧದ ಅನಂತರ ಕೆ. ಸುಬ್ರಹ್ಮಣ್ಯಂ ಅವರ ಅಧ್ಯಕ್ಷತೆಯಲ್ಲಿ ಪರಿಶೀಲನಾ ಸಮಿತಿಯೊಂದು ನೇಮಕವಾಯಿತು. ಅದರ ವರದಿಯನ್ನು ಮಂತ್ರಿಗಳ ತಂಡವು ಪರಿಶೀಲಿಸಿದ ಮೇಲೆ, 2001ರಲ್ಲಿ ಸಮಗ್ರ ರಕ್ಷಣಾ ಸಿಬ್ಬಂದಿಯ ಕೇಂದ್ರ ಕಾರ್ಯಾಲಯವೂ, ಅಂಡಮಾನ್ ಮತ್ತು ನಿಕೋಬಾರ್‌ನಲ್ಲಿ ಮೂರು ಪಡೆಗಳೂ ಒಬ್ಬನೇ ದಂಡನಾಯಕನ ಅಧೀನದಲ್ಲಿರುವ ಕಮಾಂಡೂ ಸ್ಥಾಪನೆಯಾದವು. 2020ರ ಜನವರಿ 1ರಂದು ಜನರಲ್ ಬಿಪಿನ್ ರಾವತ್ ಅವರು ದೇಶದ ಮೊದಲ ರಕ್ಷಣಾ ಪಡೆಗಳ ಮುಖ್ಯಸ್ಥರಾಗಿ ಅಧಿಕಾರ ವಹಿಸಿಕೊಂಡರು. ಮೂರು ಪಡೆಗಳ ಖರೀದಿ, ತರಬೇತಿ ಮತ್ತು ಯೋಜನೆಗಳಲ್ಲಿ ಐಕ್ಯ ತರುವುದೂ, ಸಂಯುಕ್ತ ಕಮಾಂಡ್‌ಗಳ ರಚನೆಗೆ ಅನುಕೂಲ ಕಲ್ಪಿಸುವುದೂ ಈ ಹುದ್ದೆಗೆ ವಹಿಸಿದ ಹೊಣೆಗಳಲ್ಲಿ ಸೇರಿವೆ. ಬೇರೆ ಬೇರೆ ಪಡೆಗಳಿಗೆ ಬೇರೆ ಬೇರೆ ಕಾಯಿದೆಗಳಿದ್ದುದರಿಂದ ಸಂಯುಕ್ತ ಸಂಸ್ಥೆಯ ಮುಖ್ಯಸ್ಥನಿಗೆ ಇತರ ಪಡೆಗಳ ಸಿಬ್ಬಂದಿಯ ಮೇಲೆ ಶಿಸ್ತಿನ ಅಧಿಕಾರವಿರಲಿಲ್ಲ. ಈ ಕೊರತೆಯನ್ನು ನೀಗಿಸಲು ಸಂಸತ್ತು 2023ರಲ್ಲಿ ಅಂಗೀಕರಿಸಿದ ಅಂತರ್‌ಸೇನಾ ಸಂಸ್ಥೆಗಳ ಕಾಯಿದೆಯು 2024ರ ಮೇ ತಿಂಗಳಿನಿಂದ ಜಾರಿಗೆ ಬಂದಿತು.

ಒಬ್ಬನೇ ದಂಡನಾಯಕನ ಕೈಕೆಳಗೆ ಎಲ್ಲವನ್ನೂ ಒಪ್ಪಿಸುವುದರಲ್ಲಿ ಎರಡು ಪಕ್ಷಗಳಿವೆ. ನಿರ್ಧಾರವು ಶೀಘ್ರವಾಗುತ್ತದೆ, ಹೊಣೆಯು ಸ್ಪಷ್ಟವಾಗುತ್ತದೆ ಎಂಬುದು ಒಂದು ವಾದ. ಯುದ್ಧವಿಮಾನಗಳ ಸಂಖ್ಯೆ ಮಿತವಾಗಿದ್ದು, ಅವು ಒಂದೇ ದಿನದಲ್ಲಿ ಒಂದು ಗಡಿಯಿಂದ ಇನ್ನೊಂದಕ್ಕೆ ಹೋಗಬಲ್ಲವಾದ್ದರಿಂದ ಅವುಗಳನ್ನು ಕಮಾಂಡುಗಳ ನಡುವೆ ಹಂಚಿದರೆ ಬಲ ಕುಗ್ಗುವುದೆಂಬುದು ಇನ್ನೊಂದು ವಾದ. ಎರಡರಲ್ಲಿಯೂ ಹುರುಳಿದೆ.

ಆಯುಧಗಳಂತೂ ಈ ಗಡಿಗಳನ್ನು ದಾಟಿ ಮುಂದೆ ಸಾಗಿವೆ. ಹಡಗಿನಿಂದಲೂ ನೆಲದಿಂದಲೂ ಹಾರಿಸಬಹುದಾದ ಬ್ರಹ್ಮೋಸ್ ಕ್ಷಿಪಣಿಯನ್ನು ಹೊರಲು ಸುಖೋಯ್-30 ವಿಮಾನವನ್ನು ಮಾರ್ಪಡಿಸಿದ್ದು ನಾಸಿಕದಲ್ಲಿ. 2017ರ ನವೆಂಬರ್ 22ರಂದು ವಾಯುಪಡೆಯ ಇಂಥ ವಿಮಾನವೊಂದು ಬಂಗಾಳ ಕೊಲ್ಲಿಯಲ್ಲಿನ ಗುರಿಯೊಂದರ ಮೇಲೆ ಈ ಕ್ಷಿಪಣಿಯನ್ನು ಮೊದಲ ಬಾರಿಗೆ ಪ್ರಯೋಗಿಸಿತು. ಸಮುದ್ರದ ಗುರಿ, ಆಕಾಶದ ವಾಹನ, ನೆಲದ ಕಾರ್ಖಾನೆ ಇವು ಮೂರೂ ಅಲ್ಲಿ ಒಂದಾದವು. 2025ರ ಮೇ ತಿಂಗಳ 'ಆಪರೇಷನ್ ಸಿಂಧೂರ್' ಸಂದರ್ಭದಲ್ಲಿ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯ ಭೂಸೇನಾ ವ್ಯವಸ್ಥೆ 'ಆಕಾಶ್‌ತೀರ್' ವಾಯುಪಡೆಯ ನಿಯಂತ್ರಣ ಜಾಲದೊಡನೆ ಸೇರಿ ವಾಯುರಕ್ಷಣೆಯಲ್ಲಿ ಬಳಕೆಯಾಯಿತು.

ಐಕ್ಯದ ಬೀಜ

ಯಂತ್ರಗಳನ್ನು ತಂತಿಯಿಂದ ಜೋಡಿಸಬಹುದು. ಮನುಷ್ಯರನ್ನು ಜೋಡಿಸುವುದು ತರಬೇತಿ. ಛತ್ರಪತಿ ಸಂಭಾಜಿನಗರದಲ್ಲಿ ಮಹಾರಾಷ್ಟ್ರ ಸರ್ಕಾರವು 1977ರಲ್ಲಿ ಆರಂಭಿಸಿದ ಸೇನಾ ಪೂರ್ವ ಸಿದ್ಧತಾ ಸಂಸ್ಥೆಯು ಹೈಸ್ಕೂಲು ಮುಗಿಸಿದ ಬಾಲಕರನ್ನು ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಪ್ರವೇಶಕ್ಕೆ ಅಣಿಗೊಳಿಸುತ್ತದೆ. ಬಾಲಕಿಯರಿಗಾಗಿ ಇಂಥದೇ ಸಂಸ್ಥೆ ನಾಸಿಕದಲ್ಲಿ 2023ರಲ್ಲಿ ಆರಂಭವಾಯಿತು. ಪುಣೆಯ ಸಮೀಪದ ಖಡಕ್‌ವಾಸ್ಲಾದಲ್ಲಿರುವ ಅಕಾಡೆಮಿಯಲ್ಲಿ ಮೂರು ಪಡೆಗಳಿಗೂ ಸೇರಲಿರುವ ತರುಣರು ಮೂರು ವರ್ಷ ಒಂದೇ ಆವರಣದಲ್ಲಿ ವಾಸಿಸಿ, ಒಂದೇ ಪಂಕ್ತಿಯಲ್ಲಿ ಉಂಡು, ಒಂದೇ ಮೈದಾನದಲ್ಲಿ ಓಡಿ ಬೆಳೆಯುತ್ತಾರೆ. ಇಲ್ಲಿಂದ ಹೊರಬಂದ ಮೊದಲ 17 ಮಂದಿ ಯುವತಿಯರು 2025ರ ಮೇ 30ರಂದು ತರಬೇತಿ ಪೂರೈಸಿದರು.

ಇಪ್ಪತ್ತು ವರ್ಷಗಳ ತರುವಾಯ ಇವರಲ್ಲೊಬ್ಬರು ಬೆಟ್ಟದ ಬುಡದಲ್ಲಿ ಸಿಕ್ಕಿಕೊಂಡ ತುಕಡಿಯ ನಾಯಕರಾಗಿರಬಹುದು, ಇನ್ನೊಬ್ಬರು ವಿಮಾನದಲ್ಲಿರಬಹುದು, ಮತ್ತೊಬ್ಬರು ಹಡಗಿನ ಸೇತುವೆಯ ಮೇಲೆ ನಿಂತಿರಬಹುದು. ನಿಸ್ತಂತುವಿನಲ್ಲಿ ಕೇಳಿಬರುವ ಧ್ವನಿ ಪರಿಚಿತವಾಗಿದ್ದರೆ ಆ ಮಾತಿನ ಮೇಲೆ ನಂಬಿಕೆ ಹುಟ್ಟಲು ಕ್ಷಣವೂ ಬೇಡ. ಯುದ್ಧಭೂಮಿಯಲ್ಲಿ ಆ ಕ್ಷಣವೇ ಅನೇಕರ ಜೀವ. ದೇವಗಿರಿಯ ಕೋಟೆಯಲ್ಲಿ ಅಂದು ಒದಗಿ ಬರಬೇಕಾಗಿದ್ದ ಸೈನ್ಯವು ದೂರದಲ್ಲಿತ್ತು. ಇಂದು ಒದಗಿ ಬರಬೇಕಾದವರು ಸಕಾಲಕ್ಕೆ ಬರುವಂತೆ ಶಾಂತಿಯ ಕಾಲದಲ್ಲಿಯೇ ಏರ್ಪಾಡು ಮಾಡುವುದು ಸಂಯುಕ್ತ ಕಾರ್ಯಾಚರಣೆಯ ಸಾರ. ಗಡಿಯಲ್ಲಿ ಮಗನನ್ನೋ ಮಗಳನ್ನೋ ಬಿಟ್ಟು ಬಂದ ಪ್ರತಿಯೊಂದು ಮನೆಗೂ ರಾಷ್ಟ್ರವು ಸಲ್ಲಿಸಬೇಕಾದ ಋಣವೂ ಅದೇ ಆಗಿದೆ.